ಲೆನ್ಸಿಗೊಂದು ಪಯಟ್ಟು

ಕಕ್ಕಂಪಾರ, ವಡಗರ
೧೨ ಜೂನ್ ೧೯೯೭

ವಲ್ಸಾ,

ಎರಡು ವರ್ಷದಿಂದ ನನ್ನ ಒಂದು ಕಾಗದಕ್ಕೂ ನೀನು ಉತ್ತರ ಬರೆದಿಲ್ಲ. ಇದಕ್ಕೂ ಬರೆಯದಿದ್ದರೆ ನಿನ್ನಿಷ್ಟ. ಆದರೆ ಈ ಸುದ್ದಿಯನ್ನು ಊರಿಂದ ಬರುವ ಯಾರದೋ ಬಾಯಲ್ಲಿ ನೀನು ಕೇಳಬಾರದು. ನಿನ್ನ ತಮ್ಮ ಸುಗತನ್‌ನನ್ನು ಕಡಿದು ಕೊಂದ ನಾಲ್ಕು ಜನರೂ ಮೊನ್ನೆ ಸೋಮವಾರ ಬಿಡುಗಡೆಯಾದರು.

ಸಾಕ್ಷಿಯೆಂದು ಇದ್ದದ್ದು ನನ್ನ ಏಳು ಫೋಟೋ ಮಾತ್ರ. ಟೀ ಅಂಗಡಿಯಲ್ಲಿ ಆ ಹೊತ್ತಿಗೆ ಹನ್ನೊಂದು ಜನ ಇದ್ದರು, ಹನ್ನೊಂದು ಜನರಿಗೂ ಕಣ್ಣು ಕಾಣಿಸಲಿಲ್ಲವಂತೆ. ನಾನು ಗದ್ದೆಯ ಆಚೆ ಬದುವಿನಲ್ಲಿದ್ದೆ, ಮದುವೆಯ ಫೋಟೋ ಮುಗಿಸಿ ಬರುತ್ತಿದ್ದೆ, ಕೈಯಲ್ಲಿದ್ದದ್ದು ಮದುವೆಯ ಲೆನ್ಸ್. ಅದರಲ್ಲಿ ಸುಗತನ್ ಬೆಂಚಿನಿಂದ ಬಿದ್ದದ್ದು ಕಾಣುತ್ತದೆ. ಕೈ ಅಡ್ಡ ಹಿಡಿದದ್ದು ಕಾಣುತ್ತದೆ, ಆಮೇಲೆ ಆ ಕೈ ಇಲ್ಲದ್ದೂ ಕಾಣುತ್ತದೆ. ಕಡಿದವರ ಮುಖ ಮಾತ್ರ ಕಾಣುವುದಿಲ್ಲ. ಅವರ ವಕೀಲ ನನ್ನ ಫೋಟೋವನ್ನು ನ್ಯಾಯಾಧೀಶರ ಮೂಗಿನ ಕೆಳಗೆ ಹಿಡಿದು, "ಸ್ವಾಮಿ, ಈ ಅಕ್ಕಿಕಾಳಲ್ಲಿ ನನ್ನ ಕಕ್ಷಿದಾರನ ಮೂಗು ಎಲ್ಲಿದೆ ಅಂತ ಈ ಫೋಟೋಗ್ರಾಫರ್ ತೋರಿಸ್ಲಿ" ಎಂದ. ಕೋರ್ಟಿನಲ್ಲಿ ನಗು. ಪಾರೆಮ್ಮಲ್ ಮುಕುಂದನ್ ಕಟಕಟೆಯಲ್ಲಿ ನಿಂತು ನಕ್ಕ. ಮೊದಲ ಏಟು ಅವನದು. ಓಡುವಾಗ ಪಂಚೆಯನ್ನು ಎಡಗೈಯಲ್ಲಿ ಹಿಡಿಯುವವನು ಈ ಊರಲ್ಲಿ ಅವನೊಬ್ಬನೇ. ಅದನ್ನು ಕೋರ್ಟ್ ಒಪ್ಪಲಿಲ್ಲ.

ನಿನ್ನ ಅಂಗಡಿಯಲ್ಲಿ ಮುನ್ನೂರು ಮಿಲಿಮೀಟರಿನ ಲೆನ್ಸ್ ಇದೆಯೆ? ಕ್ರಿಕೆಟ್ ಮೈದಾನದಲ್ಲಿ ಪತ್ರಿಕೆಯವರು ಮೂರುಕಾಲಿನ ಮೇಲೆ ಇಟ್ಟುಕೊಂಡು ಕೂರುತ್ತಾರಲ್ಲ, ತಂಬಿಗೆ ಗಾತ್ರದ್ದು, ಅದು. ಬೆಲೆ ತಿಳಿಸು. ಈ ಊರಲ್ಲಿ ಒಂದು ಕೊಲೆಗೆ ಇನ್ನೊಂದು ಕೊಲೆ ಆಗುತ್ತದೆ, ನಿನಗೂ ಗೊತ್ತು ನನಗೂ ಗೊತ್ತು. ಆಗ ಮುಖ ಬೇಕು.

ನಿನ್ನ
ಪುಷ್ಪಾಂಗದನ್

*

ಶಾರ್ಜಾ
೪ ಜುಲೈ ೧೯೯೭

ಅಂಗದನಿಗೆ,

ಲೆನ್ಸ್ ಇದೆ. ಹದಿನಾಲ್ಕು ಸಾವಿರ ದಿರ್ಹಾಂ. ನಿನ್ನ ರೂಪಾಯಿಯಲ್ಲಿ ಒಂದು ಲಕ್ಷದ ಮೂವತ್ತೇಳು ಸಾವಿರ. ಗಿರಾಕಿಗೆ ಹೇಳುವ ಬೆಲೆ ಇದು. ನಿನಗೂ ಅದೇ.

ಒಂದು ವಿಷಯ. ಆ ಬದುವಿನಿಂದ ಟೀ ಅಂಗಡಿಗೆ ನೂರ ನಲವತ್ತು ಹೆಜ್ಜೆ. ಚಿಕ್ಕವರಿದ್ದಾಗ ನಾವೇ ಎಣಿಸಿದ್ದೇವೆ. ಸುಗತನ್‌ಗೆ ಹತ್ತೊಂಬತ್ತು ಏಟು ಬಿತ್ತು. ಏಳು ಫೋಟೋ ತೆಗೆಯುವಷ್ಟು ಹೊತ್ತು ಅವನು ಬದುಕಿದ್ದ. ನೀನು ಒಂದು ಹೆಜ್ಜೆ ಇಟ್ಟೆಯಾ?

ಮುಂದಿನ ಸಲವೂ ನೀನು ಓಡುವುದಿಲ್ಲ, ದೂರ ನಿಂತು ಚೆನ್ನಾಗಿ ತೆಗೆಯುತ್ತೀಯ. ಅದಕ್ಕೆ ಈ ಲೆನ್ಸ್. ಅರ್ಥವಾಯಿತು.

ವಲ್ಸರಾಜನ್

*

ಕಕ್ಕಂಪಾರ
೨೮ ಜುಲೈ ೧೯೯೭

ವಲ್ಸಾ,

ನೀನು ಬರೆದೆಯಲ್ಲ, ಅಷ್ಟು ಸಾಕು. ಬೈದದ್ದು ಸರಿಯಾಗಿಯೇ ಇದೆ. ಹೆದರಿದ್ದೆ. ಕಾಲು ಏಳಲಿಲ್ಲ, ಬೆರಳು ಮಾತ್ರ ಕೆಲಸ ಮಾಡಿತು. ಕೋರ್ಟಿನಲ್ಲಿ "ದೂರ ಇದ್ದೆ" ಎಂದೆ. ನಿನ್ನ ಹತ್ತಿರ ಹಾಗೆ ಹೇಳಲಾರೆ.

ಹಣಕ್ಕೆ ಒಂದು ತಿಂಗಳಿಂದ ಅಲೆಯುತ್ತಿದ್ದೇನೆ. ಬ್ಯಾಂಕಿನ ಮ್ಯಾನೇಜರ್ ಸ್ಟುಡಿಯೋಗೆ ಸಾಲ ಕೊಡುತ್ತಾನಂತೆ, ಲೆನ್ಸಿಗೆ ಕೊಡುವುದಿಲ್ಲವಂತೆ. "ಒಂದೂವರೆ ಲಕ್ಷದ ಗಾಜು. ಅದನ್ನ ಬೆಕ್ಕು ಬೀಳಿಸಿದ್ರೆ ನಾನು ಏನನ್ನ ಜಪ್ತಿ ಮಾಡ್ಲಿ, ಬೆಕ್ಕನ್ನಾ?" ಎಂದು ಕೇಳಿದ. ವಡಗರದಲ್ಲಿ ಕಂತಿನ ಮೇಲೆ ಫ್ರಿಜ್ ಕೊಡುವವನ ಹತ್ತಿರ ಹೋದೆ. ಫ್ರಿಜ್ ಇದೆ, ಮಿಕ್ಸಿ ಇದೆ, ಲೆನ್ಸ್ ಅಂದರೆ ಏನು ಎಂದ. ಪತ್ರಿಕೆಯ ಸಂಪಾದಕರು ಫೋಟೋ ಒಂದಕ್ಕೆ ಕೊಡುವುದು ಅರವತ್ತು ರೂಪಾಯಿ. ಮುಂಗಡ ಕೇಳಿದ್ದಕ್ಕೆ ಟೀ ತರಿಸಿಕೊಟ್ಟರು. ಚೀಟಿ ಕೂಗಿ ಎತ್ತೋಣವೆಂದರೆ ನನ್ನ ಚೀಟಿಯೇ ಮೂವತ್ತು ಸಾವಿರದ್ದು. ರಮಣಿಯ ಚಿನ್ನ ಕೇಳಿದೆ. ಕತ್ತಿನ ಸರ ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಳು. "ಹೆಣದ ಫೋಟೋ ತೆಗೆಯೋಕೆ ನನ್ನ ಸರ ಕೊಡಲ್ಲ. ನೀವು ಮದುವೆ ಫೋಟೋ ತೆಗೀರಿ, ನಾಳೆ ಬೆಳಿಗ್ಗೇನೇ ಬಿಚ್ಚಿಕೊಡ್ತೀನಿ" ಎಂದಳು. ಎರಡು ದಿನ ಮಾತು ಬಿಟ್ಟಿದ್ದಳು.

ಕೊನೆಗೆ ದಾರಿ ತೋರಿಸಿದ್ದು ಅಪ್ಪ. "ಮೂವತ್ತು ವರ್ಷದಿಂದ ಊರವರ ಪಯಟ್ಟೆಲ್ಲ ನಾನೇ ಬರೆದಿದ್ದೀನಿ. ನನ್ನ ಮಗನಿಗೆ ಒಂದು ಪಯಟ್ಟು ಮಾಡೋಕೆ ಏನು ರೋಗ?" ಎಂದರು. ಊರು ಬಿಟ್ಟು ಒಂಬತ್ತು ವರ್ಷ ಆಯಿತು, ನಿನಗೆ ನೆನಪಿದೆಯೋ ಇಲ್ಲವೋ. ಕಾಗದ ಅಚ್ಚು ಹಾಕಿಸಿ ಎಲ್ಲರನ್ನೂ ಕರೆಯುವುದು, ಬಂದವರಿಗೆ ಟೀ, ಅವಲಕ್ಕಿ, ಬಾಳೆಹಣ್ಣು. ಅವರು ಕೈಲಾದಷ್ಟು ಕೊಡುತ್ತಾರೆ, ಅಪ್ಪ ಬರೆದುಕೊಳ್ಳುತ್ತಾರೆ. ನಾಳೆ ಅವರ ಪಯಟ್ಟಿಗೆ ನಾವು ಹೋಗಿ ಅದಕ್ಕಿಂತ ಹೆಚ್ಚು ಇಟ್ಟು ಬರಬೇಕು. ಕೊಟ್ಟವನು ಬದುಕಿರಲಿ ಸಾಯಲಿ, ಹೋಗಿ ಇಡಲೇಬೇಕು. ಸೆಪ್ಟೆಂಬರ್ ಇಪ್ಪತ್ತೊಂದಕ್ಕೆ ಇಟ್ಟುಕೊಂಡಿದ್ದೇನೆ.

ನಿಮ್ಮ ಮನೆಗೂ ಕಾಗದ ಕೊಟ್ಟೆ. ನಿನ್ನ ತಾಯಿ ಚೀರು ಅಮ್ಮ ತೆಗೆದುಕೊಂಡರು. ಒಳಗೆ ಕರೆಯಲಿಲ್ಲ.

ನಿನ್ನ
ಅಂಗದನ್

*

ಶಾರ್ಜಾ
೨೦ ಆಗಸ್ಟ್ ೧೯೯೭

ಅಂಗದನಿಗೆ,

ಅಮ್ಮನ ಕೈಗೆ ಹತ್ತು ಸಾವಿರ ಕಳಿಸಿದ್ದೇನೆ. ಅಂದು ಕೊಡಿಸುತ್ತಾಳೆ. ಸ್ನೇಹಕ್ಕೆಂದು ತಿಳಿಯಬೇಡ. ಆ ಲೆನ್ಸ್‌ನಲ್ಲಿ ಸುಗತನ್‌ನದೂ ಒಂದು ಪಾಲು ಇರಲಿ.

ಅಕ್ಕನ ಮಗ ಷಿನೋಜ್ ಕಾಲೇಜು ಬಿಟ್ಟನಂತೆ. ನಿನ್ನ ಕಣ್ಣಿಗೆ ಬಿದ್ದರೆ ಎರಡು ಮಾತು ಹೇಳು. ಬೇಡ. ಹೇಳಬೇಡ.

ವಲ್ಸರಾಜನ್

*

ಕಕ್ಕಂಪಾರ
೨೯ ಸೆಪ್ಟೆಂಬರ್ ೧೯೯೭

ವಲ್ಸಾ,

ಇದನ್ನು ನಾನೇ ಹೇಳದಿದ್ದರೆ ಬೇರೆಯವರು ಹೇಳುತ್ತಾರೆ. ಪೂರ್ತಿ ಓದಿ ಆಮೇಲೆ ಹರಿದು ಹಾಕು.

ಪಯಟ್ಟಿಗೆ ಇನ್ನೂರಕ್ಕೂ ಹೆಚ್ಚು ಜನ ಬಂದರು. ಅಪ್ಪ ಚಪ್ಪರದ ಬಾಯಲ್ಲಿ ಮೇಜು ಹಾಕಿಕೊಂಡು ಕೂತಿದ್ದರು. ಅವರ ಅಭ್ಯಾಸ ನಿನಗೆ ಗೊತ್ತು, ಬರೆಯುವ ಮೊದಲು ಹೆಸರನ್ನೂ ಮೊತ್ತವನ್ನೂ ಎಲ್ಲರಿಗೆ ಕೇಳುವಂತೆ ಹೇಳುತ್ತಾರೆ. ಸಂಜೆ ಐದಕ್ಕೆ ತೊಂಬತ್ತೇಳು ಸಾವಿರ ಆಗಿತ್ತು. ಅವಲಕ್ಕಿ ಮುಗಿಯುತ್ತ ಬಂದಿತ್ತು, ಜನ ಏಳುತ್ತಿದ್ದರು.

ಆಗ ಪಾರೆಮ್ಮಲ್ ಮುಕುಂದನ್ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಿಂದೆ ಆ ಮೂವರು. ನೇರ ಬೆಂಚಿಗೆ ಹೋಗಿ ಕೂತ. ಟೀ ಕೊಡುತ್ತಿದ್ದವನ ಕೈಯಿಂದ ಲೋಟ ತಾನೇ ತೆಗೆದುಕೊಂಡ. ಪೂರ್ತಿ ಕುಡಿದ, ಬಾಳೆಹಣ್ಣು ಸುಲಿದು ತಿಂದ, ಸಿಪ್ಪೆಯನ್ನು ಎಲೆಯ ಮೇಲೆ ಅಚ್ಚುಕಟ್ಟಾಗಿ ಇಟ್ಟ. ಆಮೇಲೆ ಬಂದು ಮೇಜಿನ ಮೇಲೆ ಕಟ್ಟು ಇಟ್ಟ.

"ನಲವತ್ತು ಸಾವಿರ. ಬರ್ಕೊಳ್ಳಿ ಕಣಾರಣ್ಣ."

ಅಪ್ಪನ ಪೆನ್ನು ನಿಂತಿತು.

"ಯಾಕೆ, ಶಾಯಿ ಮುಗೀತಾ? ಬರೀರಿ. ಮಗ ಒಳ್ಳೆ ಲೆನ್ಸ್ ತಗೊಳ್ಲಿ. ಹೋದ ಸಲ ತೆಗೆದದ್ರಲ್ಲಿ ನನ್ನ ಮುಖ ಸರಿಯಾಗಿ ಬಂದಿಲ್ವಂತೆ, ಕೋರ್ಟಲ್ಲಿ ಹೇಳಿದ್ರು."

ಆ ಮೂವರು ನಕ್ಕರು. ಇನ್ನೂರು ಜನ ನೆಲ ನೋಡಿದರು. ನಿನ್ನ ಅಮ್ಮ ಅಲ್ಲೇ ಇದ್ದರು, ವಲ್ಸಾ, ಮಲ್ಲಿಗೆ ಚಪ್ಪರದ ಕಂಬ ಹಿಡಿದುಕೊಂಡು. ಅಪ್ಪ ನನ್ನ ಮುಖ ನೋಡಿದರು. ನಾನು ಬೇಡ ಎನ್ನಬಹುದಿತ್ತು. ಟೀ ಕುಡಿದವನ ಹಣವನ್ನು ಹಿಂದೆ ತಳ್ಳಿದವನು ಈ ಊರಲ್ಲಿ ಇಲ್ಲ ಎಂದು ಆಮೇಲೆ ನೂರು ಜನ ಸಮಾಧಾನ ಹೇಳಿದರು. ಅವನು ಕಡಿಯುತ್ತಾನೆಂದು ಹೆದರಿದೆ ಎಂದರೂ ನೀನು ನಂಬುತ್ತಿದ್ದೆ. ನಿಜ ಬೇರೆ. ಲೆನ್ಸಿಗೆ ಸರಿಯಾಗಿ ನಲವತ್ತು ಸಾವಿರ ಕಮ್ಮಿ ಇತ್ತು. ಕಟ್ಟು ನೋಡಿದ ಕೂಡಲೇ ನನ್ನ ತಲೆಗೆ ಬಂದದ್ದು ಅದೊಂದೇ. ನಾನು ತಲೆಯಾಡಿಸಿದೆ.

ಅಪ್ಪ ಜೋರಾಗಿ ಹೇಳಿದರು, "ಪಾರೆಮ್ಮಲ್ ಮುಕುಂದನ್, ನಲವತ್ತು ಸಾವಿರ." ಬರೆದರು. ಚೀರು ಅಮ್ಮ ಕಂಬ ಬಿಟ್ಟು ಹೊರಟುಹೋದರು.

ಹಣ ಪೂರ್ತಿ ಹುಂಡಿಯವನ ಮೂಲಕ ಕಳಿಸಿದ್ದೇನೆ. ಹತ್ತು ದಿನದಲ್ಲಿ ನಿನ್ನ ಕೈ ಸೇರುತ್ತದೆ. ನಿನಗೆ ಬೇಡವಾದರೆ ಲೆನ್ಸ್ ಕಳಿಸಬೇಡ.

ಅಂಗದನ್

*

ಶಾರ್ಜಾ
೧೯ ಅಕ್ಟೋಬರ್ ೧೯೯೭

ಅಂಗದಾ,

ನಿನ್ನ ಕಾಗದವನ್ನು ಕೋಣೆಯಲ್ಲಿರುವ ಆರು ಜನರ ಎದುರು ಓದಿದೆ. ಗೋಡೆಗೆ ಗುದ್ದಿ ಕೈಯ ಮೂಳೆ ಬಿರುಕು ಬಿಟ್ಟಿದೆ, ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅವನು ನನ್ನ ಅಮ್ಮನ ಎದುರು ಕೂತು ಬಾಳೆಹಣ್ಣು ಸುಲಿದು ತಿಂದ. ನೀನು ತಲೆಯಾಡಿಸಿದೆ. ನೀನು ಸಾಯಬೇಕಿತ್ತು ಅಂಗದಾ, ಸುಗತನ್ ಬದಲು ನೀನು.

ಲೆನ್ಸ್ ಕಳಿಸುತ್ತೇನೆ. ಹಣ ಬಂದಿದೆ, ಮಾಲು ಹೋಗುತ್ತದೆ, ಅದು ಅಂಗಡಿಯ ನಿಯಮ. ನನ್ನ ಕೋಣೆಯ ಮೊಯ್ದು ನವೆಂಬರ್ ಕೊನೆಗೆ ಊರಿಗೆ ಬರುತ್ತಾನೆ, ಅವನ ಕೈಯಲ್ಲಿ.

ಪಯಟ್ಟಿನ ಹಣ ತೆಗೆದುಕೊಂಡವನು ಅವನ ಪಯಟ್ಟಿಗೆ ಹೋಗಲೇಬೇಕು ತಾನೆ. ಯಾವಾಗ ಕರೆಯುತ್ತಾನೆ ಎಂದು ಬರಿ. ಎಲ್ಲಿ, ಎಷ್ಟು ಹೊತ್ತಿಗೆ, ಎಲ್ಲವನ್ನೂ ಬರಿ.

ವ.

*

ಕಕ್ಕಂಪಾರ
೮ ಡಿಸೆಂಬರ್ ೧೯೯೭

ವಲ್ಸಾ,

ಮೊಯ್ದು ಲೆನ್ಸ್ ತಂದುಕೊಟ್ಟ. ವಿಮಾನ ನಿಲ್ದಾಣದಲ್ಲಿ ಅದನ್ನು ಮಗುವಿನ ಬಟ್ಟೆಯಲ್ಲಿ ಸುತ್ತಿ, ಕೇಳಿದವರಿಗೆ ಹೆಂಡತಿಗೆ ತಂದ ಪ್ರೆಷರ್ ಕುಕ್ಕರ್ ಎಂದನಂತೆ. ನಿನ್ನ ಕೈ ವಾಸಿಯಾಯಿತೇ ಎಂದು ಅವನನ್ನೇ ಕೇಳಿ ತಿಳಿದುಕೊಂಡೆ.

ಮೊದಲ ದಿನ ಅದನ್ನು ಬದುವಿಗೆ ಒಯ್ದೆ. ಅಂದು ನಿಂತಿದ್ದ ಜಾಗದಲ್ಲೇ ನಿಂತು ಟೀ ಅಂಗಡಿಯನ್ನು ನೋಡಿದೆ. ಅಂಗಡಿಯವನ ಮೀಸೆಯ ಬಿಳಿ ಕೂದಲು ಎಣಿಸಬಹುದು. ಸುಗತನ್ ಬಿದ್ದ ಬೆಂಚಿನ ಕಾಲಿನಲ್ಲಿ ಕತ್ತಿ ತಾಗಿದ ಗುರುತು ಇನ್ನೂ ಇದೆ. ಅದೂ ಕಂಡಿತು. ಅಲ್ಲೇ ಕೂತು ಅತ್ತೆ. ನಿನಗೆ ಇದರಿಂದ ಏನೂ ಆಗಬೇಕಾದ್ದಿಲ್ಲ, ಸುಮ್ಮನೆ ಹೇಳಿದೆ.

ಮುಕುಂದನ್‌ನ ಪಯಟ್ಟಿನ ಕಾಗದ ಬಂತು. ಜನವರಿ ಹನ್ನೊಂದು, ಭಾನುವಾರ, ಮೂರು ಗಂಟೆಯಿಂದ. ಹಳೆ ಶಾಲೆಯ ಅಂಗಳದಲ್ಲಿ ಚಪ್ಪರ. ನಲವತ್ತೈದು ಸಾವಿರ ಇಡಬೇಕು. ರಮಣಿ ತಾನಾಗಿಯೇ ಸರ ಬಿಚ್ಚಿಕೊಟ್ಟಳು. "ಲೆನ್ಸಿಗೆ ಕೊಡಲ್ಲ ಅಂದಿದ್ದೆ. ಆ ಹಣ ಈ ಮನೆಯಿಂದ ಹೊರಗೆ ಹೋಗೋದಾದ್ರೆ ಬಳೇನೂ ತಗೊಳ್ಳಿ" ಎಂದಳು.

ನನ್ನ ಮನಸ್ಸಿನಲ್ಲಿ ಒಂದು ಯೋಚನೆ ಇದೆ, ನಿನಗೊಬ್ಬನಿಗೇ ಹೇಳುತ್ತೇನೆ. ಅಂದು ನಾಲ್ಕು ಜನರೂ ನಾಲ್ಕು ಗಂಟೆಯಿಂದ ಬಾಗಿಲ ಬಳಿಯ ಮೊದಲ ಬೆಂಚಿನಲ್ಲೇ ಕೂರುತ್ತಾರೆ, ಬಂದವರನ್ನು ನೋಡಿಕೊಳ್ಳಬೇಕಲ್ಲ. ಶಾಲೆಯ ಹಿಂದಿನ ಗುಡ್ಡದಿಂದ ಅವರನ್ನು ತೆಗೆಯುತ್ತೇನೆ. ನಡೆಯುವುದು, ತಿರುಗುವುದು, ಪಂಚೆ ಹಿಡಿಯುವುದು. ಹಳೆಯ ಏಳು ಫೋಟೋಗಳ ಪಕ್ಕ ಇವನ್ನಿಟ್ಟರೆ ಮೇಲಿನ ಕೋರ್ಟಿನಲ್ಲಿ ಕೇಳುತ್ತಾರೆ ಎಂದು ನಮ್ಮ ವಕೀಲರು ಹೇಳುತ್ತಾರೆ. ಐದಕ್ಕೆ ಕೆಳಗಿಳಿದು ಹಣ ಇಟ್ಟು ಬರುತ್ತೇನೆ.

ಈ ಸಲ ಅಕ್ಕಿಕಾಳು ಬರುವುದಿಲ್ಲ, ವಲ್ಸಾ. ನಿನ್ನ ಅಮ್ಮನ ಮುಂದೆ ತಲೆ ಎತ್ತಿ ನಿಲ್ಲಬೇಕೆಂಬ ಆಸೆ ಒಂದೇ ನನಗೆ.

ನಿನ್ನ
ಅಂಗದನ್

*

ಶಾರ್ಜಾ
೨ ಜನವರಿ ೧೯೯೮

ಅಂಗದಾ,

ಹನ್ನೊಂದಕ್ಕೆ ನೀನು ಹೋಗಬೇಡ. ಹಣವನ್ನು ಬೇರೆ ಯಾರ ಕೈಯಲ್ಲಾದರೂ ಕಳಿಸು. ಗುಡ್ಡಕ್ಕೂ ಹತ್ತಬೇಡ. ಲೆನ್ಸ್ ತೆಗೆದುಕೊಂಡು ಎಲ್ಲಿಗಾದರೂ ಹಕ್ಕಿಯ ಫೋಟೋ ತೆಗೆಯಲು ಹೋಗು. ಯಾಕೆ ಎಂದು ಕೇಳಬೇಡ.

ವಲ್ಸನ್

*

ವಡಗರ, ಆಸ್ಪತ್ರೆ
೨೦ ಜನವರಿ ೧೯೯೮

ವಲ್ಸರಾಜಾ,

ನಿನ್ನ ಎರಡನೇ ತಾರೀಕಿನ ಕಾಗದ ಹದಿನೈದಕ್ಕೆ ಬಂತು.

ನಾನು ಗುಡ್ಡದ ಮೇಲಿದ್ದೆ. ನಾಲ್ಕೂ ಇಪ್ಪತ್ತಕ್ಕೆ ಜೀಪು ಬಂತು. ಪಯಟ್ಟಿಗೆ ಬಂದವರು ಎಂದುಕೊಂಡೆ. ಐದು ಜನ ಇಳಿದರು, ಮುಖಕ್ಕೆ ಟವಲ್ಲು. ಮೊದಲು ಬಾಂಬ್ ಎಸೆದರು. ಚಪ್ಪರದ ಬಾಯಿಗೆ ಒಂದು, ಮೊದಲ ಬೆಂಚಿಗೆ ಒಂದು. ಹೊಗೆ ಇಳಿಯುವಷ್ಟರಲ್ಲಿ ಮುಕುಂದನ್ ಅಂಗಳದಲ್ಲಿ ಅಂಬೆಗಾಲಿಡುತ್ತಿದ್ದ. ಬಿಳಿ ಅಂಗಿಗೆ ಬೆಂಕಿ ಹತ್ತಿತ್ತು. ಅವನು ಎಡಗೈಯಲ್ಲಿ ಪಂಚೆ ಹಿಡಿದುಕೊಂಡ. ಸಾಯುವಾಗಲೂ ಹಿಡಿದುಕೊಂಡ. ಕುತ್ತಿಗೆಗೆ ಮೂರು ಏಟು, ಬೆನ್ನಿಗೆ ಎಷ್ಟೋ. ನಾಲ್ಕನೇ ಏಟಿಗೆ ಕಡಿಯುವವನ ಟವಲ್ಲು ಜಾರಿತು. ಲೆನ್ಸಿನ ತುಂಬ ಅವನ ಮುಖ ಬಂತು. ಮೂಗಿನ ಮೇಲಿನ ಬೆವರು ಕೂಡ ಕಂಡಿತು. ಷಿನೋಜ್. ನಿನ್ನ ಅಕ್ಕನ ಮಗ. ನಾನು ಎತ್ತಿ ಆಡಿಸಿದ ಹುಡುಗ.

ಬೆರಳು ನಾಲ್ಕು ಸಲ ಒತ್ತಿತು. ನಾನು ಒತ್ತಿದೆನೋ ಅದೇ ಒತ್ತಿತೋ ಗೊತ್ತಿಲ್ಲ. ಆಮೇಲೆ ಲೆನ್ಸ್ ಪಕ್ಕಕ್ಕೆ ಸರಿಯಿತು, ಚಪ್ಪರದ ಬಾಯಿ ಕಂಡಿತು, ಮೇಜು ಕಂಡಿತು.

ಪಯಟ್ಟು ಬರೆಯುವವರು ಯಾರು, ವಲ್ಸಾ? ಮೂವತ್ತು ವರ್ಷದಿಂದ ಈ ಊರಿನ ಎಲ್ಲ ಪಯಟ್ಟು ಬರೆಯುವವರು ಯಾರು? ನೀನು ಎಲ್ಲವನ್ನೂ ಕೇಳಿ ತಿಳಿದುಕೊಂಡೆ, ಅದೊಂದನ್ನು ಮರೆತೆ. ನಾನೂ ಬರೆಯಲಿಲ್ಲ. ಗೊತ್ತಿರುವ ವಿಷಯ ಎಂದುಕೊಂಡೆ.

ಲೆನ್ಸನ್ನು ಕ್ಯಾಮೆರಾ ಸಮೇತ ಅಲ್ಲೇ ಬೀಳಿಸಿ ಓಡಿದೆ. ಕಲ್ಲು, ಮುಳ್ಳು ಏನೂ ಕಾಣಲಿಲ್ಲ. ಅವರು ಜೀಪು ಬಿಟ್ಟು ಗುಡ್ಡದ ದಾರಿಯಲ್ಲೇ ಮೇಲೆ ಬರುತ್ತಿದ್ದರು, ನಾನು ಅವರ ಮಧ್ಯೆಯೇ ಕೆಳಗೆ ಓಡಿದೆ. ಒಬ್ಬ ಕತ್ತಿ ಎತ್ತಿದ. ಷಿನೋಜ್ ಅವನ ಕೈ ಹಿಡಿದ.

"ಅಂಗದನಣ್ಣಾ, ನೀವ್ಯಾಕೆ ಇಲ್ಲಿ? ಬರಬೇಡ ಅಂತ ಮಾಮ ನಿಮಗೆ ಬರೆದಿಲ್ವಾ?"

ಮಾಮ ಅಂದರೆ ನೀನು. ಅಷ್ಟು ಹತ್ತಿರದಿಂದ ಅವನ ಮುಖ ನೋಡಲು ನನಗೆ ಲೆನ್ಸ್ ಬೇಕಾಗಲಿಲ್ಲ.

ಅಪ್ಪ ಮೇಜಿನ ಕೆಳಗೆ ಇದ್ದರು. ಬಲಗೈ ಮಣಿಕಟ್ಟಿನಿಂದ ಇರಲಿಲ್ಲ. ಪುಸ್ತಕವನ್ನು ಎದೆಗೆ ಒತ್ತಿಕೊಂಡಿದ್ದರು, ಅದು ಪೂರ್ತಿ ಒದ್ದೆಯಾಗಿತ್ತು. ನನ್ನ ಪಂಚೆ ಹರಿದು ಕಟ್ಟಿದೆ. "ಲೆಕ್ಕ ಅರ್ಧಕ್ಕೆ ನಿಂತಿದೆ ಕಣೋ" ಎಂದರು. ಆಮೇಲೆ ಅವರಿಗೆ ಎಚ್ಚರ ತಪ್ಪಿತು. ಮುಕುಂದನ್‌ಗೆಂದು ಜೇಬಿನಲ್ಲಿಟ್ಟಿದ್ದ ನಲವತ್ತೈದು ಸಾವಿರ ಆಸ್ಪತ್ರೆಗೆ ಹೋಯಿತು.

ಬದುಕಿದ್ದಾರೆ. ನಿನಗೆ ಬೇಕಾಗಿದ್ದರೆ ತಿಳಿದುಕೋ.

ಪುಷ್ಪಾಂಗದನ್

*

ಶಾರ್ಜಾ
೬ ಫೆಬ್ರವರಿ ೧೯೯೮

ಅಂಗದಾ,

ಕಣಾರಣ್ಣನ ಕೈಯಲ್ಲಿ ನಾನು ಅಕ್ಷರ ಬರೆಯಲು ಕಲಿತೆ. ಮರಳಿನ ಮೇಲೆ ನನ್ನ ಬೆರಳು ಹಿಡಿದು ಬರೆಸಿದ ಕೈ ಅದು. ಇನ್ನೇನು ಬರೆಯಲಿ.

ರೋಲನ್ನು ಪೊಲೀಸರಿಗೆ ಕೊಡಬೇಡ. ಷಿನೋಜ್‌ಗೆ ಇಪ್ಪತ್ತು ವರ್ಷ. ಹಣ ಕಳಿಸಿದ್ದು ನಾನು, ಜೀಪು ಹಿಡಿಸಿದ್ದು ನಾನು, ಅವನು ನನ್ನ ಮಾತು ಕೇಳಿದ. ಲೆನ್ಸಿನ ಹಣವನ್ನು ಪೂರ್ತಿ ವಾಪಸು ಕೊಡುತ್ತೇನೆ. ಅದರ ಎರಡರಷ್ಟು ಕೊಡುತ್ತೇನೆ. ಕಣಾರಣ್ಣನಿಗೆ ತಿಂಗಳು ತಿಂಗಳು ಕಳಿಸುತ್ತೇನೆ. ರೋಲನ್ನು ಬೆಳಕಿಗೆ ಹಿಡಿದುಬಿಡು. ಒಂದು ನಿಮಿಷದ ಕೆಲಸ.

ಕಾಲಿಗೆ ಬೀಳುತ್ತೇನೆ.

ವಲ್ಸನ್

*

ಕಕ್ಕಂಪಾರ
೨೪ ಮಾರ್ಚ್ ೧೯೯೮

ವಲ್ಸಾ,

ರೋಲನ್ನು ಮ್ಯಾಜಿಸ್ಟ್ರೇಟರಿಗೆ ಕೊಟ್ಟೆ. ನಿನ್ನ ಕಾಗದ ಕೈಗೆ ಸಿಗುವ ಮೊದಲೇ ಕೊಟ್ಟಾಗಿತ್ತು. ಸಿಕ್ಕ ಮೇಲಾಗಿದ್ದರೂ ಕೊಡುತ್ತಿದ್ದೆ. ಸುಗತನ್‌ನ ಕೊಲೆಗೆ ಒಂದು ನ್ಯಾಯ, ಮುಕುಂದನ್‌ನ ಕೊಲೆಗೆ ಒಂದು ನ್ಯಾಯ ಮಾಡಲು ನನ್ನಿಂದ ಆಗುವುದಿಲ್ಲ. ಷಿನೋಜ್‌ನನ್ನು ಹಿಡಿದುಕೊಂಡು ಹೋದರು. ನಿನ್ನ ಹೆಸರನ್ನು ಅವನು ಹೇಳಿಲ್ಲವಂತೆ. ನಿನ್ನ ಕಾಗದಗಳು ನನ್ನ ಪೆಟ್ಟಿಗೆಯಲ್ಲಿವೆ. ಯಾರೂ ಕೇಳಿಲ್ಲ. ಕೇಳಿದರೆ ಸುಳ್ಳು ಹೇಳುವುದಿಲ್ಲ.

ಲೆನ್ಸ್ ಕ್ಯಾಮೆರಾ ಸಮೇತ ಗುಡ್ಡದ ಮೇಲೆ ಬಿದ್ದಲ್ಲೇ ಇತ್ತು. ಅಂಚು ನೆಗ್ಗಿತ್ತು, ಗಾಜಿಗೆ ಏನೂ ಆಗಿರಲಿಲ್ಲ. ಕೋಳಿಕ್ಕೋಡಿನ ಒಬ್ಬ ಫೋಟೋಗ್ರಾಫರ್‌ಗೆ ಎಂಬತ್ತು ಸಾವಿರಕ್ಕೆ ಮಾರಿದೆ. ನಲವತ್ತೈದು ಸಾವಿರ ಮುಕುಂದನ್‌ನ ಹೆಂಡತಿಗೆ ಕೊಟ್ಟೆ. ಬಾಗಿಲು ತೆರೆಯಲು ಒಪ್ಪಲಿಲ್ಲ, ಕಿಟಕಿಯಿಂದ ಒಳಗಿಟ್ಟೆ. ಅವಳ ಮಗು ಎಣಿಸಲು ಶುರು ಮಾಡಿತು, ಅವಳು ಕೈಗೆ ಹೊಡೆದಳು.

ಹೋದ ಭಾನುವಾರ ನಿಮ್ಮ ಮನೆಯಲ್ಲಿ ಪಯಟ್ಟು. ಷಿನೋಜ್‌ನ ವಕೀಲರಿಗೆ ಹಣ ಬೇಕಲ್ಲ. ಚೀರು ಅಮ್ಮ ನನಗೂ ಅಪ್ಪನಿಗೂ ಕಾಗದ ಕಳಿಸಿದ್ದರು. ನಿನ್ನ ಹತ್ತು ಸಾವಿರ ಅಪ್ಪನ ಪುಸ್ತಕದಲ್ಲಿ ಇತ್ತಲ್ಲ. ರಮಣಿ ಹೋಗಬೇಡಿ ಎಂದಳು, ಕೊಲ್ಲುತ್ತಾರೆ ಎಂದಳು. ಅಪ್ಪ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು, ತೋಳಿನ ಖಾಲಿ ತುದಿಯನ್ನು ಪಿನ್ನಿನಿಂದ ಸಿಕ್ಕಿಸಿಕೊಂಡಿದ್ದರು. "ಕೊಡೋದು ಇದೆ. ನಡಿ" ಎಂದರು.

ನಾವು ಅಂಗಳಕ್ಕೆ ಕಾಲಿಟ್ಟೆವು. ನಿನ್ನ ಅಕ್ಕ ನನ್ನನ್ನು ನೋಡಿ ಒಳಗೆ ಓಡಿದಳು, ಒಳಗಿನಿಂದ ಪಾತ್ರೆ ಎಸೆದದ್ದು ಕೇಳಿಸಿತು. ಇಬ್ಬರು ಎದ್ದು ನಿಂತರು. ಒಬ್ಬನ ಕೈ ಸೊಂಟಕ್ಕೆ ಹೋಯಿತು. ಚೀರು ಅಮ್ಮ ಜಗಲಿಯಿಂದಲೇ, "ಕೂತ್ಕೊಳ್ರೋ. ನನ್ನ ಮನೆಗೆ ಟೀ ಕುಡಿಯೋಕೆ ಬಂದವರು" ಎಂದರು. ಅವರು ಕೂತರು.

ಬರೆಯುವ ಮೇಜಿನಲ್ಲಿ ಯಾರೂ ಇರಲಿಲ್ಲ. ಕೊಟ್ಟವರ ಹೆಸರನ್ನು ಒಬ್ಬ ಹುಡುಗಿ ಚೀಟಿಯಲ್ಲಿ ಗೀಚಿಕೊಳ್ಳುತ್ತಿದ್ದಳು. ಅಪ್ಪ ಹೋಗಿ ಅಲ್ಲಿ ಕೂತರು, ಪೆನ್ನನ್ನು ಎಡಗೈಯಲ್ಲಿ ಹಿಡಿದರು. ನಾನು ಮೂವತ್ತೈದು ಸಾವಿರ ಇಟ್ಟೆ. ಅಪ್ಪ ಮೊದಲಿನಂತೆಯೇ ಎಲ್ಲರಿಗೆ ಕೇಳುವಂತೆ ಹೇಳಿದರು. "ಕಣಾರನ್ ಮಗ ಪುಷ್ಪಾಂಗದನ್, ಮೂವತ್ತೈದು ಸಾವಿರ." ಬರೆಯಲು ತುಂಬ ಹೊತ್ತು ಹಿಡಿಯಿತು. ಅಕ್ಷರ ಮಗು ಬರೆದ ಹಾಗೆ ಬಂತು. ಹಿಂದೆ ನಿಂತವರು ಕಾದರು.

ಚೀರು ಅಮ್ಮ ಟೀ ತಂದು ನನ್ನ ಎದುರು ನಿಂತರು. ಲೋಟ ಕೊಡಲಿಲ್ಲ.

"ಷಿನೋಜ್ ವಿರುದ್ಧ ಸಾಕ್ಷಿ ಹೇಳ್ತೀಯಾ?"

"ಹೇಳ್ತೀನಿ ಅಮ್ಮ."

"ಅವತ್ತು ಗುಡ್ಡದಿಂದ ಅಪ್ಪನ ಹತ್ರ ಓಡಿ ಬಂದೆಯಂತೆ. ಕತ್ತಿ ಹಿಡಿದವರ ನಡುವೆಯೇ."

"ಹೌದು."

"ನನ್ನ ಸುಗತನ್ ಹತ್ರ ಓಡಲಿಲ್ಲ."

"ಓಡಲಿಲ್ಲ ಅಮ್ಮ."

ಎರಡೂವರೆ ವರ್ಷದಿಂದ ಈ ಮಾತನ್ನು ಕೇಳಲು ಕಾದಿದ್ದೆ, ವಲ್ಸಾ. ಅವರು ನನ್ನ ಮುಖವನ್ನು ತುಂಬ ಹೊತ್ತು ನೋಡಿದರು, ಒಂದು ಮೊಳ ದೂರದಿಂದ. ಆಮೇಲೆ ಲೋಟವನ್ನು ಕೈಗಿತ್ತರು. "ಕುಡಿ. ಆರಿ ಹೋಗ್ತದೆ" ಎಂದರು.

ಕುಡಿದೆ. ಅಪ್ಪನಿಗೂ ಒಂದು ಲೋಟ ಕೊಟ್ಟರು, ಅವರ ಎಡಗೈಗೆ, ಹಿಡಿತ ಸಿಗುವಂತೆ ಕೂರಿಸಿ.

ಅಂಗದನ್